ಗಿಟಾರ್ ಯಾವ ಮರದ್ದು? ಫೋಟೊ, ಬಣ್ಣ, ಸದ್ದು ನೋಡಿ ಹೇಳಬಹುದೇ?

"ಹಳೇ ಕಾಲದ ಒರಿಜಿನಲ್ ರೋಸ್‌ವುಡ್ ಗಿಟಾರ್. ಬಣ್ಣ ನೋಡಿದರೇ ಗೊತ್ತಾಗುತ್ತೆ. ತಟ್ಟಿದರೆ ಗಂಟೆ ಹೊಡೆದ ಹಾಗೆ ಸದ್ದು. ಅರ್ಧ ಬೆಲೆಗೆ ಕೊಡ್ತಿದ್ದಾರೆ, ಬೇಕಿದ್ದವರು ಬೇಗ ಹೇಳಿ."

ಫೋಟೊ ಸಮೇತ ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮಗಳನ್ನು ಗಿಟಾರ್ ಕ್ಲಾಸಿಗೆ ಸೇರಿಸಿದ ಅಪ್ಪ, ಮೊದಲ ಸಂಬಳದಲ್ಲಿ ಒಳ್ಳೆಯ ಗಿಟಾರ್ ಕೊಳ್ಳಬೇಕೆಂದಿರುವ ಹುಡುಗ, ಇಂಥವರು ಈ ಸಂದೇಶ ನಂಬಿ ಹಣ ಕಳಿಸುತ್ತಾರೆ. ಮನೆಗೆ ಬಂದದ್ದು ರೋಸ್‌ವುಡ್ಡೋ, ಬಣ್ಣ ಬಳಿದ ಪ್ಲೈವುಡ್ಡೋ ಎಂದು ತಿಳಿಯುವ ದಾರಿ ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಗಿಟಾರಿನ ಮರ ಗುರುತಿಸುವ ಬಗ್ಗೆ ಹರಿದಾಡುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು, ಮನೆಯಲ್ಲೇ ಏನನ್ನು ಪರೀಕ್ಷಿಸಬಹುದು, ಏನನ್ನು ಪ್ರಯೋಗಾಲಯಕ್ಕೇ ಬಿಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಚುಟುಕಾಗಿ ಹೇಳಬೇಕೆಂದರೆ

• ಫೋಟೊ ನೋಡಿ ಮರದ ಜಾತಿ ಹೇಳಲು ತಜ್ಞರಿಂದಲೂ ಆಗದು. ಬಣ್ಣವನ್ನಂತೂ ನಂಬಲೇಬಾರದು.
• ಮುಂದಿನ ಹಲಗೆ ಒಂದೇ ತುಂಡಿನ ಘನ ಮರವೋ, ಪ್ಲೈವುಡ್ಡೋ ಎಂಬುದನ್ನು ಮೊಬೈಲ್ ಟಾರ್ಚ್ ಹಿಡಿದು ನೀವೇ ನೋಡಬಹುದು. ಕೊಳ್ಳುವವರಿಗೆ ಮುಖ್ಯವಾದ ಪ್ರಶ್ನೆ ಇದೇ.
• ಬೆನ್ನು ಮತ್ತು ಪಕ್ಕದ ಮರದ ಹೆಸರಿಗೆ ಕೊಡುವ ಹೆಚ್ಚಿನ ಬೆಲೆ ಬಹುಪಾಲು ಅಂದಕ್ಕೆ ಮತ್ತು ಹೆಸರಿಗೆ. ಸದ್ದಿಗೆ ಅಲ್ಲ.

ಮೊದಲು ಗಿಟಾರಿನ ಮೈ ಅರಿಯೋಣ

ಅಕೌಸ್ಟಿಕ್ ಗಿಟಾರಿನ ಒಡಲು ಮೂರು ಭಾಗದ್ದು. ತಂತಿಗಳ ಕೆಳಗೆ, ನಡುವೆ ದುಂಡನೆಯ ತೂತಿರುವ ಮುಂದಿನ ಹಲಗೆ. ಇದನ್ನು ಟಾಪ್ ಎನ್ನುತ್ತಾರೆ. ಹಿಂದೆ ಬೆನ್ನಿನ ಹಲಗೆ. ಎರಡನ್ನೂ ಸೇರಿಸುವ, ಬಿಸಿ ಕೊಟ್ಟು ಬಾಗಿಸಿದ ಪಕ್ಕದ ಹಲಗೆಗಳು.

ತಂತಿ ಮೀಟಿದಾಗ ಅದರ ಅದುರಾಟ ಬ್ರಿಡ್ಜ್ ಎಂಬ ಮರದ ಪಟ್ಟಿಯ ಮೂಲಕ ಮುಂದಿನ ಹಲಗೆಗೆ ಇಳಿಯುತ್ತದೆ. ತಂತಿ ತೀರಾ ತೆಳು, ಅದೊಂದೇ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅಗಲವಾದ ಹಲಗೆ ಅಲುಗಿದಾಗ ಮಾತ್ರ ಕೋಣೆ ತುಂಬುವ ಸದ್ದು ಬರುತ್ತದೆ. ಒಡಲೊಳಗಿನ ಗಾಳಿಯೂ ಇದರ ಜೊತೆ ಸೇರುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವ "ಹೂಂ" ಸದ್ದಿನಂತೆಯೇ ಗಿಟಾರಿನೊಳಗಿನ ಗಾಳಿಗೂ ತನ್ನದೇ ಒಂದು ಸ್ವರ ಇದೆ. ದೊಡ್ಡ ಗಿಟಾರುಗಳಲ್ಲಿ ಅದು ಸುಮಾರು 100 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ.

ಹಾಗಾಗಿ ಸದ್ದಿನ ದೊಡ್ಡ ಕೆಲಸ ಮುಂದಿನ ಹಲಗೆಯದು. ಅದು ಹಗುರವೂ ಆಗಿರಬೇಕು, ತಂತಿಗಳ ಎಳೆತಕ್ಕೆ ಬಾಗದಷ್ಟು ಗಟ್ಟಿಯೂ ಆಗಿರಬೇಕು. ಈ ಎರಡೂ ಗುಣ ಒಟ್ಟಿಗೆ ಸಿಗುವುದು ಸ್ಪ್ರೂಸ್‌ನಂಥ ಸೂಜಿ ಎಲೆಯ ಮರಗಳಲ್ಲಿ. ಅದಕ್ಕೇ ಅಗ್ಗದ ಗಿಟಾರಿರಲಿ, ಲಕ್ಷಗಟ್ಟಲೆ ಬೆಲೆಯದ್ದಿರಲಿ, ಹೆಚ್ಚಿನವುಗಳ ಮುಂದಿನ ಹಲಗೆ ತಿಳಿ ಬಣ್ಣದ ಸ್ಪ್ರೂಸ್. ದಪ್ಪ ಮೂರು ಮಿಲಿಮೀಟರ್ ಆಸುಪಾಸು, ಅಷ್ಟೇ.

ಹೇಳಿಕೆ 1: "ಬಣ್ಣ ಕಪ್ಪಗಿದ್ದರೆ ಅದು ಅಸಲಿ ರೋಸ್‌ವುಡ್"

ಸುಳ್ಳು. ಮರದ ಬಣ್ಣ ಬದಲಿಸುವುದು ಸುಲಭ. ಅಗ್ಗದ ಬಿಳಿ ಮರಕ್ಕೆ ಗಾಢ ಬಣ್ಣ ಕುಡಿಸಿ ಮೇಲೆ ಪಾಲಿಶ್ ಹಾಕಿದರೆ ರೋಸ್‌ವುಡ್‌ನಂತೆಯೇ ಕಾಣುತ್ತದೆ. ಕೆಲವು ಗಿಟಾರುಗಳ ಬೆನ್ನು ಮರವೇ ಅಲ್ಲ. ಮರದ ಚಿತ್ರ ಅಚ್ಚು ಹಾಕಿದ ಕಾಗದವನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಹಾಳೆ ಅದು. ಅಡುಗೆಮನೆಯ ಕಪಾಟಿಗೆ ಅಂಟಿಸುವ ಲ್ಯಾಮಿನೇಟ್ ಶೀಟಿನ ಬಳಗದ್ದೇ.

ನಿಜವಾದ ಮರದ ಬಣ್ಣವೂ ಒಂದೇ ರೀತಿ ಇರುವುದಿಲ್ಲ. ಹೊಸದಾಗಿ ಕೊಯ್ದ ರೋಸ್‌ವುಡ್ ನೇರಳೆ ಛಾಯೆಯಲ್ಲಿರುತ್ತದೆ, ಬೆಳಕು ತಾಗುತ್ತಾ ಕಂದಾಗುತ್ತದೆ. ಒಂದೇ ಮರದ ಚೇಗು ಗಾಢ, ಅದರ ಸುತ್ತಲಿನ ಹೊರಭಾಗ ಬಿಳಿಚು. ಇದರ ಮೇಲೆ ಫೋನ್ ಕ್ಯಾಮೆರಾ ತನ್ನದೇ ಬಣ್ಣ ಸೇರಿಸುತ್ತದೆ. ಫೋಟೊದಲ್ಲಿ ಕಂಡದ್ದು ಮರದ ಬಣ್ಣವೋ, ಪಾಲಿಶಿನದ್ದೋ, ಫಿಲ್ಟರಿನದ್ದೋ ಯಾರಿಗೆ ಗೊತ್ತು?

ಹೇಳಿಕೆ 2: "ಅಸಲಿ ಬೀಟೆ ನೀರಿನಲ್ಲಿ ಮುಳುಗುತ್ತದೆ"

ಸುಳ್ಳು. ಗಿಟಾರ್ ಪೇಟೆಯಲ್ಲಿ ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ನಮ್ಮ ಬೀಟೆ ಮರವನ್ನೇ. ವೈಜ್ಞಾನಿಕ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಚೆನ್ನಾಗಿ ಒಣಗಿದ ಬೀಟೆಯ ತೂಕ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 800ರಿಂದ 850 ಕೆಜಿ. ನೀರಿನದ್ದು 1000 ಕೆಜಿ. ನೀರಿಗಿಂತ ಹಗುರವಾದ್ದರಿಂದ ಒಣ ಬೀಟೆ ತೇಲುತ್ತದೆ. ಆಗಷ್ಟೇ ಕಡಿದ ಹಸಿ ದಿಮ್ಮಿ ನೀರು ತುಂಬಿಕೊಂಡು ಮುಳುಗಬಹುದು, ಆ ಮಾತು ಬೇರೆ.

ನಿಜಕ್ಕೂ ಮುಳುಗುವ ಮರಗಳಿವೆ. ಕ್ಲಾರಿನೆಟ್ ಮಾಡಲು ಬಳಸುವ ಆಫ್ರಿಕನ್ ಬ್ಲ್ಯಾಕ್‌ವುಡ್ ಬೀಟೆಯ ದಾಯಾದಿಯೇ, ಅದು ಮುಳುಗುತ್ತದೆ. ರಕ್ತಚಂದನವೂ ಮುಳುಗುತ್ತದೆ. ಹಾಗೆಂದು ಮುಳುಗಿದ್ದೆಲ್ಲ ರೋಸ್‌ವುಡ್ ಆಗುವುದಿಲ್ಲ, ತೇಲಿದ್ದೆಲ್ಲ ನಕಲಿಯೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗಿಟಾರನ್ನು ನೀರಿಗೆ ಇಳಿಸಬೇಡಿ!

ಹೇಳಿಕೆ 3: "ತಟ್ಟಿ ನೋಡಿದರೆ ಮರ ಗೊತ್ತಾಗುತ್ತದೆ"

ಅರ್ಧ ನಿಜ. ಗಿಟಾರ್ ಮಾಡುವವರು ಬಿಡಿ ಹಲಗೆಯನ್ನು ಎರಡು ಬೆರಳಲ್ಲಿ ತೂಗುಬಿಟ್ಟು ತಟ್ಟುತ್ತಾರೆ. ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಿಂದ ಆ ಹಲಗೆಯ ಗುಣ ಅಂದಾಜಿಸುತ್ತಾರೆ. ಬೀಟೆಯ ಹಲಗೆ ಟಣ್ ಎಂದು ಮೊಳಗುವುದು ನಿಜ. ಆದರೆ ಅದು ಬಿಡಿ ಹಲಗೆಯ ಮಾತು. ಅಂಟು ಹಾಕಿ, ಒಳಗೆ ಆಧಾರದ ಪಟ್ಟಿ ಕೂರಿಸಿ, ತಂತಿ ಬಿಗಿದು ಮುಗಿಸಿದ ಗಿಟಾರನ್ನು ತಟ್ಟಿದಾಗ ಕೇಳುವುದು ಇಡೀ ಪೆಟ್ಟಿಗೆಯ ಸದ್ದು. ಅದರಿಂದ ಮರದ ಜಾತಿ ತಿಳಿಯದು.

ಹೇಳಿಕೆ 4: "ಹಿಂಭಾಗ ರೋಸ್‌ವುಡ್ ಆದರೆ ಮಾತ್ರ ಒಳ್ಳೆಯ ಸದ್ದು"

ಇದನ್ನು ವಿಜ್ಞಾನಿಗಳು ನೇರವಾಗಿಯೇ ಪರೀಕ್ಷಿಸಿದ್ದಾರೆ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅನುಭವಿ ಗಿಟಾರ್ ತಯಾರಕ ರೋಜರ್ ಬಕ್ನಲ್ ಅವರೊಂದಿಗೆ ಸೇರಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆರು ಗಿಟಾರುಗಳನ್ನು ಒಂದೇ ವಿನ್ಯಾಸದಲ್ಲಿ ಮಾಡಲಾಯಿತು. ಬೇರೆಯಾಗಿದ್ದದ್ದು ಬೆನ್ನು ಮತ್ತು ಪಕ್ಕದ ಮರ ಮಾತ್ರ. ಬ್ರೆಜಿಲಿಯನ್ ರೋಸ್‌ವುಡ್, ಇಂಡಿಯನ್ ರೋಸ್‌ವುಡ್, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ಇವುಗಳ ಬೆಲೆಯಲ್ಲಿ ಅಜಗಜಾಂತರ.

52 ಮಂದಿ ಗಿಟಾರ್ ವಾದಕರನ್ನು ಮಬ್ಬು ಬೆಳಕಿನ ಕೋಣೆಯಲ್ಲಿ ಕೂರಿಸಿ, ಮರ ಕಾಣದಂತೆ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಸಿ, ಆರನ್ನೂ ನುಡಿಸಲು ಹೇಳಿದರು. ಸದ್ದಿಗೆ ಮತ್ತು ನುಡಿಸಲು ಸುಲಭವೇ ಎಂಬುದಕ್ಕೆ ಅಂಕ ಕೊಡಿಸಿದರು. ಆರಕ್ಕೂ ಬಂದ ಅಂಕ ಹೆಚ್ಚುಕಡಿಮೆ ಒಂದೇ! ಅವರಲ್ಲಿ 31 ಮಂದಿಗೆ ಇನ್ನೊಂದು ಪರೀಕ್ಷೆ ಇಟ್ಟು ಒಂದು ಗಿಟಾರನ್ನು ಇನ್ನೊಂದರಿಂದ ಗುರುತಿಸಲು ಹೇಳಿದಾಗ, ಅದೂ ಸುಲಭವಾಗಲಿಲ್ಲ.

ಈ ಮಾತನ್ನು ಇನ್ನೂ ಹಿಂದೆಯೇ ಮಾಡಿ ತೋರಿಸಿದವರು ಸ್ಪೇನ್ ದೇಶದ ಆಂಟೊನಿಯೊ ದೆ ಟೊರೆಸ್. ಇಂದಿನ ಕ್ಲಾಸಿಕಲ್ ಗಿಟಾರಿನ ಆಕಾರಕ್ಕೆ ಮೂಲಪುರುಷ ಅವರೇ. 1862ರಲ್ಲಿ ಅವರು ಮುಂದಿನ ಹಲಗೆಯನ್ನು ಮಾತ್ರ ಒಳ್ಳೆಯ ಸ್ಪ್ರೂಸ್‌ನಲ್ಲಿ ಮಾಡಿ, ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಿಂದ ಮಾಡಿದರು. ಆ ಗಿಟಾರ್ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಟಾಪ್ ಚೆನ್ನಾಗಿದ್ದರೆ ಉಳಿದದ್ದು ರಟ್ಟಾದರೂ ಗಿಟಾರ್ ಗಿಟಾರೇ ಎಂಬುದು ಅವರ ವಾದ.

ಹಾಗಾದರೆ ಮರಕ್ಕೆ ಬೆಲೆಯೇ ಇಲ್ಲವೇ? ಇದೆ. ಮುಂದಿನ ಹಲಗೆಯ ಗುಣ, ಅದರ ದಪ್ಪ, ಒಳಗಿನ ಆಧಾರದ ಪಟ್ಟಿಗಳ ಜೋಡಣೆ, ಮಾಡಿದವರ ಕೈಚಳಕ ಸದ್ದನ್ನು ಖಂಡಿತ ಬದಲಿಸುತ್ತವೆ. ಬೆನ್ನಿನ ಮರ ಬಾಳಿಕೆ, ತೂಕ, ನೋಟಗಳನ್ನು ನಿರ್ಧರಿಸುತ್ತದೆ. ಚೆನ್ನಾಗಿ ಮಾಡಿದ ಗಿಟಾರಿನಲ್ಲಿ ಬೆನ್ನಿನ ಮರದ ಹೆಸರೊಂದೇ ಸದ್ದನ್ನು ತೀರ್ಮಾನಿಸುವುದಿಲ್ಲ ಎಂಬುದಷ್ಟೇ ಆ ಅಧ್ಯಯನದ ಸಾರ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ಘನ ಮರವೋ, ಪ್ಲೈವುಡ್ಡೋ?

ಘನ ಮರವನ್ನು ಅಂಗಡಿಯಲ್ಲಿ ಸಾಲಿಡ್ ಎನ್ನುತ್ತಾರೆ. ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿದ್ದು ಲ್ಯಾಮಿನೇಟ್. ಅಂಟಿನ ಪದರ ಮತ್ತು ಅಡ್ಡಡ್ಡ ಜೋಡಿಸಿದ ಎಳೆಗಳಿಂದಾಗಿ ಲ್ಯಾಮಿನೇಟ್ ಟಾಪ್ ಘನ ಮರದಷ್ಟು ಸಲೀಸಾಗಿ ಅದುರುವುದಿಲ್ಲ. ಬೆಲೆಯ ವ್ಯತ್ಯಾಸ ಶುರುವಾಗುವುದೇ ಇಲ್ಲಿಂದ.

1. ತೂತಿನ ಅಂಚು ನೋಡಿ. ನಡುವಿನ ತೂತಿನ ಅಂಚಿಗೆ ಟಾರ್ಚ್ ಹಿಡಿಯಿರಿ. ಹಲಗೆಯ ಮೇಲಿನ ಸಣ್ಣ ಗೆರೆಗಳು ಅಂಚಿನಲ್ಲಿ ಮಡಚಿ ದಪ್ಪದುದ್ದಕ್ಕೂ ಕೆಳಗಿನವರೆಗೆ ಹಾಗೆಯೇ ಇಳಿದಿದ್ದರೆ ಅದು ಘನ ಮರ. ಅಂಚಿನಲ್ಲಿ ಬಿಸ್ಕತ್ತಿನ ಪದರದಂತೆ ಎರಡು ಮೂರು ಅಡ್ಡ ಪಟ್ಟಿ ಕಂಡರೆ ಲ್ಯಾಮಿನೇಟ್. ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರೆ ಅಥವಾ ಪ್ಲಾಸ್ಟಿಕ್ ಪಟ್ಟಿ ಹಚ್ಚಿದ್ದರೆ ಏನೂ ಕಾಣದು, ಆಗ ಅಂಗಡಿಯವರನ್ನು ನೇರವಾಗಿ ಕೇಳಬೇಕು.

2. ಬೆನ್ನಿನ ಒಳಗು ಹೊರಗು ಹೋಲಿಸಿ. ಹೊರಗಡೆ ಬೆನ್ನಿನ ಮೇಲೆ ಒಂದು ಗಂಟು ಅಥವಾ ಎದ್ದು ಕಾಣುವ ಕಪ್ಪು ಗೆರೆ ಹುಡುಕಿ. ಅದು ಅಂಚಿನಿಂದ ಎಷ್ಟು ದೂರವಿದೆ ಎಂದು ಗುರುತಿಟ್ಟುಕೊಳ್ಳಿ. ಈಗ ತೂತಿನ ಮೂಲಕ ಒಳಗೆ ಅದೇ ಜಾಗ ನೋಡಿ. ಅದೇ ಗಂಟು, ಅದೇ ಗೆರೆ ಇದ್ದರೆ ಘನ ಮರ. ಹೊರಗೆ ಗಾಢ ಕಂದು, ಒಳಗೆ ಗೆರೆಯೇ ಇಲ್ಲದ ಬಿಳಿ ಮರವಾದರೆ ಹೊರಗಿನದ್ದು ಕಾಗದದಷ್ಟು ತೆಳುವಾದ ವಿನಿಯರ್.

3. ಲೇಬಲ್ ಓದಿ. "ಸಾಲಿಡ್ ಟಾಪ್" ಎಂದರೆ ಮುಂದಿನ ಹಲಗೆ ಮಾತ್ರ ಘನ. "ಆಲ್ ಸಾಲಿಡ್" ಎಂದರೆ ಮೂರೂ ಕಡೆ ಘನ. ಬರೀ "ಸ್ಪ್ರೂಸ್ ಟಾಪ್, ರೋಸ್‌ವುಡ್ ಬ್ಯಾಕ್ ಆ್ಯಂಡ್ ಸೈಡ್ಸ್" ಎಂದಿದ್ದು ಸಾಲಿಡ್ ಎಂಬ ಪದವೇ ಇಲ್ಲದಿದ್ದರೆ, ಸಾಮಾನ್ಯವಾಗಿ ಅದು ಲ್ಯಾಮಿನೇಟ್. ಇದು ಸುಳ್ಳೆಂದು ಹೇಳಲಾಗದು, ಮೇಲಿನ ಪದರ ನಿಜವಾಗಿಯೂ ರೋಸ್‌ವುಡ್ ಇರಬಹುದು. ಆದರೆ ನೀವು ಅಂದುಕೊಂಡದ್ದು ಅದಲ್ಲ.

4. ಮಾದರಿ ಮರುಕಳಿಸುತ್ತದೆಯೇ ನೋಡಿ. ಪ್ರಕೃತಿಯಲ್ಲಿ ಎರಡು ಗಂಟು ಅಚ್ಚೊತ್ತಿದಂತೆ ಒಂದೇ ಆಗಿರುವುದಿಲ್ಲ. ಹಲಗೆಯ ಎರಡು ಕಡೆ ಅದೇ ವಿನ್ಯಾಸ ಪುನಃ ಬಂದಿದ್ದರೆ ಅದು ಅಚ್ಚಾದ ಹಾಳೆ. ಇದಕ್ಕೊಂದು ಅಪವಾದವಿದೆ. ನಡುಗೆರೆಯ ಎಡ ಬಲ ಕನ್ನಡಿಯ ಬಿಂಬದಂತೆ ಕಂಡರೆ ಅನುಮಾನ ಬೇಡ. ಒಂದೇ ಹಲಗೆಯನ್ನು ಪುಸ್ತಕ ತೆರೆದಂತೆ ಎರಡಾಗಿ ಸೀಳಿ ಜೋಡಿಸುವುದು ಗಿಟಾರ್ ತಯಾರಿಕೆಯ ಹಳೆಯ ಪದ್ಧತಿ.

ಲ್ಯಾಮಿನೇಟ್ ಎಂದರೆ ಮೋಸ ಎಂದುಕೊಳ್ಳಬೇಡಿ. ಮಂಗಳೂರಿನ ಮಳೆಗಾಲದ ತೇವಕ್ಕೆ ಘನ ಮರ ಉಬ್ಬುತ್ತದೆ, ಕಲಬುರಗಿಯ ಬೇಸಿಗೆಯ ಒಣಹವೆಗೆ ಕುಗ್ಗಿ ಬಿರುಕು ಬಿಡಬಹುದು. ಗಾಳಿಯ ತೇವಾಂಶ ಶೇ 45ರಿಂದ 55ರ ನಡುವೆ ಇದ್ದರೆ ಘನ ಮರದ ಗಿಟಾರಿಗೆ ಕ್ಷೇಮ. ಲ್ಯಾಮಿನೇಟ್ ಇದನ್ನೆಲ್ಲ ಹೆಚ್ಚು ತಾಳಿಕೊಳ್ಳುತ್ತದೆ. ಕಲಿಯುವ ಮಗುವಿಗೆ, ಬಸ್ಸಿನಲ್ಲಿ ಹೊತ್ತು ತಿರುಗುವವರಿಗೆ ಅದೇ ಒಳ್ಳೆಯದು. ಲ್ಯಾಮಿನೇಟನ್ನು ಘನ ಮರದ ಬೆಲೆಗೆ ಮಾರಿದರೆ ಮಾತ್ರ ಮೋಸ.

ಯಾವ ಮರ ಹೇಗೆ ಕಾಣುತ್ತದೆ?

ಪಾಲಿಶ್ ತೆಳುವಾಗಿದ್ದು, ಬಣ್ಣ ಬಳಿಯದ ಮರವಾದರೆ ಕೆಲವು ಸುಳಿವುಗಳು ಸಿಗುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಇದ್ದರೆ ಒಳ್ಳೆಯದು. ನೋಡಬೇಕಾದದ್ದು ಬಣ್ಣವನ್ನಲ್ಲ, ರಂಧ್ರಗಳನ್ನು. ಮರ ನೀರು ಸಾಗಿಸುತ್ತಿದ್ದ ಸಣ್ಣ ಕೊಳವೆಗಳೇ ಈ ರಂಧ್ರಗಳು. ಅಡ್ಡ ಕೊಯ್ದ ಮುಖದಲ್ಲಿ ಅವು ಸೂಜಿಮೊನೆಯಲ್ಲಿ ಚುಚ್ಚಿದಂತೆ ಕಾಣುತ್ತವೆ. ಸಿದ್ಧ ಗಿಟಾರಿನಲ್ಲಿ ಅಡ್ಡ ಕೊಯ್ದ ಮುಖ ಸಿಗುವುದು ಅಪರೂಪ. ಆದರೆ ಎರಡು ಕಡೆ ಸಿಗುತ್ತದೆ. ತೂತಿನ ಹತ್ತಿರ ಮುಗಿಯುವ ಫಿಂಗರ್‌ಬೋರ್ಡಿನ ತುದಿ ಮತ್ತು ಬ್ರಿಡ್ಜಿನ ಎರಡು ಕೊನೆಗಳು.

ಸ್ಪ್ರೂಸ್: ಕೆನೆ ಬಣ್ಣ, ಬಾಚಣಿಗೆ ಎಳೆದಂಥ ಒತ್ತೊತ್ತಾದ ನೇರ ಗೆರೆ. ಸೂಜಿ ಎಲೆಯ ಮರವಾದ್ದರಿಂದ ರಂಧ್ರಗಳಿಲ್ಲ. ಸಿಟ್ಕಾ, ಯುರೋಪಿಯನ್, ಎಂಗಲ್‌ಮನ್ ಎಂದು ಹಲವು ಬಗೆ. ಇವುಗಳನ್ನು ಬರಿಗಣ್ಣಲ್ಲಿ ಖಚಿತವಾಗಿ ಬೇರ್ಪಡಿಸಲಾಗದು.

ವೆಸ್ಟರ್ನ್ ರೆಡ್ ಸೀಡರ್: ಇದೂ ಮುಂದಿನ ಹಲಗೆಗೆ. ಕೆಂಗಂದು ಬಣ್ಣ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು. ಹೆಸರಿನಲ್ಲಿ ಸೀಡರ್ ಇದ್ದರೂ ನಿಜವಾದ ಸೀಡರ್ ಕುಲದ್ದಲ್ಲ. ಆ ಕುಲಕ್ಕೆ ಸೇರಿದ್ದು ನಮ್ಮ ಹಿಮಾಲಯದ ದೇವದಾರು.

ಬೀಟೆ, ಅಂದರೆ ಇಂಡಿಯನ್ ರೋಸ್‌ವುಡ್: ನೇರಳೆ ಮಿಶ್ರಿತ ಕಂದು, ನಡುನಡುವೆ ಕಪ್ಪು ಗೆರೆ. ರಂಧ್ರ ದೊಡ್ಡದು, ವಿರಳ, ಬರಿಗಣ್ಣಿಗೂ ಕಾಣುತ್ತದೆ. ಪಾಲಿಶ್ ಇಲ್ಲದ ಮರದಲ್ಲಿ ಓರೆ ಬೆಳಕು ಬಿಟ್ಟರೆ ಕೆಲವೊಮ್ಮೆ ನೀರಿನ ಅಲೆಯಂಥ ಬಹು ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ಉಜ್ಜಿದರೆ ನವಿರಾದ ಪರಿಮಳ. ರೋಸ್‌ವುಡ್ ಎಂಬ ಹೆಸರು ಈ ಪರಿಮಳದಿಂದ ಬಂದದ್ದು, ಗುಲಾಬಿ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ.

ಶೀಶಂ: ಇದೂ ಡಾಲ್ಬರ್ಜಿಯಾ ಕುಲದ್ದೇ, ಉತ್ತರ ಭಾರತದ ಮರ. ಹೊಂಗಂದು ಬಣ್ಣ, ಗಾಢ ಪಟ್ಟೆ. ಪೀಠೋಪಕರಣ ಅಂಗಡಿಗಳಲ್ಲಿ ಇದನ್ನೂ ಇಂಡಿಯನ್ ರೋಸ್‌ವುಡ್ ಎಂದೇ ಮಾರುವುದುಂಟು. ಗೊಂದಲ ಹುಟ್ಟುವುದೇ ಈ ಹೆಸರಿನಿಂದ.

ಬ್ರೆಜಿಲಿಯನ್ ರೋಸ್‌ವುಡ್: ಕಂದು ಬಣ್ಣದ ಮೇಲೆ ಶಾಯಿ ಚೆಲ್ಲಿದಂಥ, ಕೆಲವೊಮ್ಮೆ ಜೇಡರ ಬಲೆಯಂಥ ಕಪ್ಪು ಗೆರೆ. ಆದರೆ ನೇರ ಗೆರೆಯ ಬ್ರೆಜಿಲಿಯನ್ ಮರ ಬೀಟೆಯಂತೆಯೇ ಕಾಣುತ್ತದೆ. ಬರಿಗಣ್ಣಲ್ಲಿ ನೋಡಿ "ಇದು ಬ್ರೆಜಿಲಿಯನ್ನೇ" ಎಂದು ಆಣೆ ಮಾಡುವವರನ್ನು ನಂಬಬೇಡಿ.

ಮಹಾಗನಿ: ಕೆಂಗಂದು, ಸಮನಾದ ಮೈ, ಮಧ್ಯಮ ಗಾತ್ರದ ರಂಧ್ರ. ಬೀಟೆಗಿಂತ ಬಹಳ ಹಗುರ. ಅಮೆರಿಕ ಖಂಡದ ಮಹಾಗನಿ ಬೇರೆ, ಆಫ್ರಿಕನ್ ಮಹಾಗನಿ ಎಂದು ಮಾರುವ ಖಾಯಾ ಬೇರೆ. ಎರಡೂ ಒಂದೇ ಕುಟುಂಬದ ಬೇರೆ ಬೇರೆ ಕುಲದವು.

ಸಪೇಲೆ: ಮಹಾಗನಿಯ ಬದಲಿಗೆ ಹೆಚ್ಚಾಗಿ ಬಳಸುವ ಆಫ್ರಿಕಾದ ಮರ. ಗಿಟಾರನ್ನು ಓರೆ ಮಾಡಿದಂತೆ ರಿಬ್ಬನ್‌ನಂಥ ಉದ್ದುದ್ದ ಪಟ್ಟೆಗಳು ಹೊಳೆದು ಮಾಯವಾಗುತ್ತವೆ.

ಮೇಪಲ್: ತಿಳಿ ಬಣ್ಣ, ರಂಧ್ರ ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಕೆಲವು ಹಲಗೆಗಳಲ್ಲಿ ಹುಲಿಪಟ್ಟೆಯಂಥ ಹೊಳಪು. ಪಿಟೀಲಿನ ಬೆನ್ನು ನೋಡಿದವರಿಗೆ ಇದು ಪರಿಚಿತ.

ಎಬೊನಿ: ಫಿಂಗರ್‌ಬೋರ್ಡ್ ಮತ್ತು ಬ್ರಿಡ್ಜಿಗೆ. ಕಡುಕಪ್ಪು, ರಂಧ್ರ ಬಹಳ ಸಣ್ಣ. ಅಗ್ಗದ ಮರಕ್ಕೆ ಕಪ್ಪು ಬಣ್ಣ ಹಾಕಿದ್ದರೆ ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕಪ್ಪು ಮಸಿ ಹತ್ತಬಹುದು. ರೋಸ್‌ವುಡ್ ಫಿಂಗರ್‌ಬೋರ್ಡ್ ಒರೆಸಿದರೂ ಸ್ವಲ್ಪ ಕಂದು ಹತ್ತುತ್ತದೆ. ಅದು ಮರದ ಸಹಜ ಬಣ್ಣ, ಅದನ್ನು ನೋಡಿ ನಕಲಿ ಎನ್ನಬೇಡಿ.

ಹೊನ್ನೆ ಲೋಟದ ಪಾಠ

ಮರ ಗುರುತಿಸುವ ಒಂದು ಪರೀಕ್ಷೆ ನಮ್ಮ ಹಲವು ಮನೆಗಳಲ್ಲಿ ಗೊತ್ತಿಲ್ಲದೆಯೇ ನಡೆಯುತ್ತಿದೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗ್ಗೆ ಕಂದಾಗುತ್ತದೆ. ಬಿಸಿಲಿಗೆ ಹಿಡಿದರೆ ಅದರಲ್ಲಿ ನೀಲಿ ಛಾಯೆ ಹೊಳೆಯುತ್ತದೆ. ಮರದೊಳಗಿನ ಕೆಲವು ರಾಸಾಯನಿಕಗಳು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಬಿಡುವುದೇ ಇದಕ್ಕೆ ಕಾರಣ. ಹೊನ್ನೆಯ ಕುಲಕ್ಕೇ ಸೇರಿದ, ಕೆಲವು ಗಿಟಾರುಗಳ ಬೆನ್ನಿಗೆ ಬಳಸುವ ಪಡೌಕ್ ಮರದ ಪುಡಿಯೂ ನೀರಿನಲ್ಲಿ ಹೀಗೆ ಹೊಳೆಯುತ್ತದೆ. ಮರದ ತಜ್ಞರು ಈ ಗುಣವನ್ನು ನಿಜಕ್ಕೂ ಬಳಸುತ್ತಾರೆ. ಆದರೆ ಅದಕ್ಕೆ ಮರದ ಪುಡಿ ಬೇಕು. ಗಿಟಾರ್ ಕೆರೆದು ನೋಡುವ ಸಾಹಸ ಬೇಡ.

ಖಚಿತವಾಗಿ ಹೇಳುವವರು ಯಾರು?

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರ ಗುರುತಿಸುವ ಸೇವೆ ಕೊಡುತ್ತದೆ. ಮಾದರಿ ತುಂಡನ್ನು ಮೆದುಮಾಡಿ, ಬೆಳಕು ತೂರುವಷ್ಟು ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಸಂಗ್ರಹದಲ್ಲಿರುವ ಖಚಿತ ಮಾದರಿಗಳೊಂದಿಗೆ ಹೋಲಿಸುತ್ತಾರೆ. ಈ ವಿಧಾನದಿಂದ ಸಾಮಾನ್ಯವಾಗಿ ಮರದ ಕುಲ ತಿಳಿಯುತ್ತದೆ. ಒಂದೇ ಕುಲದ ಎರಡು ಜಾತಿಗಳನ್ನು ಬಿಡಿಸಿ ಹೇಳಲು ಅನೇಕ ಸಲ ರಾಸಾಯನಿಕ ಪರೀಕ್ಷೆ ಬೇಕು. ಅಮೆರಿಕದ ಒರೆಗಾನ್ ರಾಜ್ಯದಲ್ಲಿರುವ ವನ್ಯಜೀವಿ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಮರದ ಸಣ್ಣ ಚೂರನ್ನು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಮುಂದೆ ಹಿಡಿದು, ಅದರ ರಾಸಾಯನಿಕ ಬೆರಳಚ್ಚಿನಿಂದ ಜಾತಿ ಪತ್ತೆ ಮಾಡುತ್ತಾರೆ.

ಇಷ್ಟೆಲ್ಲ ಯಂತ್ರ ಬೇಕಾಗುವ ಕೆಲಸವನ್ನು ಒಂದು ಮೊಬೈಲ್ ಫೋಟೊ ಮಾಡಲಾರದು.

ಕಾನೂನು ಏನು ಹೇಳುತ್ತದೆ?

ಮರದ ಹೆಸರಿಗೆ ಕಾನೂನಿನ ತೂಕವೂ ಇದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್. ಅದು 1992ರಲ್ಲಿ ಬ್ರೆಜಿಲಿಯನ್ ರೋಸ್‌ವುಡ್ಡನ್ನು ಅತಿ ಕಠಿಣವಾದ ಮೊದಲನೇ ಪಟ್ಟಿಗೆ ಸೇರಿಸಿತು. 2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲದ ಉಳಿದ ಮರಗಳು, ನಮ್ಮ ಬೀಟೆ, ಶೀಶಂ ಸಹಿತ, ಎರಡನೇ ಪಟ್ಟಿಯಡಿ ಬಂದವು. ಸಣ್ಣ ಫಿಂಗರ್‌ಬೋರ್ಡಿಗೂ ಕಾಗದಪತ್ರ ಬೇಕಾಗಿ ಗಿಟಾರ್ ಉದ್ಯಮ ಪೇಚಿಗೆ ಸಿಕ್ಕಿತು. 2019ರ ನವೆಂಬರಿನಿಂದ ಎರಡನೇ ಪಟ್ಟಿಯ ಡಾಲ್ಬರ್ಜಿಯಾ ಮರಗಳ ಸಿದ್ಧ ಸಂಗೀತ ವಾದ್ಯಗಳಿಗೂ, ಅವುಗಳ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು.

ಹಾಗಾಗಿ ಬೀಟೆಯ ಗಿಟಾರ್ ಹಿಡಿದು ಅಮೆರಿಕಕ್ಕೆ ಓದಲು ಹೋಗುವ ವಿದ್ಯಾರ್ಥಿಗೆ ಸೈಟಿಸ್ ಪರವಾನಗಿ ಬೇಕಿಲ್ಲ. ಆದರೆ ಬ್ರೆಜಿಲಿಯನ್ ರೋಸ್‌ವುಡ್‌ಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಗಡಿ ದಾಟಿಸಲು ಇಂದಿಗೂ ಕಾಗದಪತ್ರ ಬೇಕು. ಯಾರಾದರೂ "ವಿದೇಶದಿಂದ ತರಿಸಿದ ಅಸಲಿ ಬ್ರೆಜಿಲಿಯನ್" ಎಂದರೆ ಮೊದಲು ಆ ಕಾಗದ ಕೇಳಿ. ಕಾಗದ ಇಲ್ಲದಿದ್ದರೆ, ಒಂದೋ ಅದು ಬ್ರೆಜಿಲಿಯನ್ ಅಲ್ಲ, ಇಲ್ಲವೇ ಬಂದ ದಾರಿ ಸರಿಯಿಲ್ಲ. ಎರಡೂ ನಿಮಗೆ ಬೇಡ.

1960ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನಿಂದ ದಿಮ್ಮಿ ಸಿಗುವುದು ಕಷ್ಟವಾದಾಗ ಅಮೆರಿಕದ ದೊಡ್ಡ ತಯಾರಕರು ತಿರುಗಿದ್ದು ಭಾರತದ ಬೀಟೆಯ ಕಡೆಗೆ. ಪಶ್ಚಿಮ ಘಟ್ಟದ ಈ ಮರ ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜಾತಿ ಎನಿಸಿಕೊಂಡಿದೆ. ನಮ್ಮ ರಾಜ್ಯದಲ್ಲಿ ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಟೆ ಕಡಿಯುವಂತಿಲ್ಲ. "ಬೀಟೆ ಹಲಗೆ ಇದೆ, ಗಿಟಾರ್ ಮಾಡಿಸಿಕೊಳ್ಳಿ" ಎಂಬ ಸಂದೇಶ ಬಂದರೆ ಎಚ್ಚರ. ವಿನಾಯಿತಿ ಇರುವುದು ಸಿದ್ಧ ವಾದ್ಯದ ವ್ಯಾಪಾರಕ್ಕೆ, ಎಲ್ಲಿಂದಲೋ ಬಂದ ಬಿಡಿ ಹಲಗೆಗೆ ಅಲ್ಲ.

ಆರೋಗ್ಯಕ್ಕೆ ತೊಂದರೆ ಇದೆಯೇ?

ಸಿದ್ಧ ಗಿಟಾರ್ ನುಡಿಸುವುದರಿಂದ ಹೆದರುವಂಥದ್ದೇನೂ ಇಲ್ಲ. ಅಪಾಯ ಇರುವುದು ಮರ ಉಜ್ಜುವಾಗ ಏಳುವ ದೂಳಿನಲ್ಲಿ. ರೋಸ್‌ವುಡ್ ಜಾತಿಗಳ ದೂಳು ಕೆಲವರಲ್ಲಿ ಚರ್ಮದ ಅಲರ್ಜಿ ತರುತ್ತದೆ. ವೆಸ್ಟರ್ನ್ ರೆಡ್ ಸೀಡರ್ ದೂಳಿನಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಮರಗೆಲಸದವರಲ್ಲಿ ಆಸ್ತಮಾ ತರಬಲ್ಲದು. ಮನೆಯಲ್ಲಿ ಗಿಟಾರ್ ರಿಪೇರಿ ಮಾಡುವವರು, "ಅಸಲಿಯೇ ನೋಡೋಣ" ಎಂದು ಉಪ್ಪುಕಾಗದ ಹಿಡಿಯುವವರು ಮಾಸ್ಕ್ ಹಾಕಿಕೊಳ್ಳಬೇಕು.

ಹಣ ಕೊಡುವ ಮುನ್ನ

ಮೂರು ಪ್ರಶ್ನೆ ಕೇಳಿ. ಟಾಪ್ ಸಾಲಿಡ್ಡೋ, ಲ್ಯಾಮಿನೇಟೋ? ಬೆನ್ನು ಮತ್ತು ಪಕ್ಕ ಸಾಲಿಡ್ಡೋ, ಲ್ಯಾಮಿನೇಟೋ? ಇದನ್ನು ಬಿಲ್ಲಿನಲ್ಲಿ ಬರೆದು ಕೊಡುತ್ತೀರಾ? ಹಳೆಯ ಗಿಟಾರಾದರೆ ಮಾಡೆಲ್ ಸಂಖ್ಯೆ ನೋಡಿ, ತಯಾರಕರ ಜಾಲತಾಣದಲ್ಲಿ ಯಾವ ಮರ ಎಂದಿದೆ ಎಂದು ಹೋಲಿಸಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಲ್ಯಾಂಕಾಸ್ಟರಿನಲ್ಲಿ ಕಪ್ಪು ಕನ್ನಡಕ ಹಾಕಿದ ಆ 52 ಮಂದಿ ಮಾಡಿದ್ದನ್ನೇ ನೀವೂ ಮಾಡಿ. ಎರಡು ಮೂರು ಗಿಟಾರುಗಳನ್ನು ಬೇರೊಬ್ಬರಿಂದ ನುಡಿಸಿ, ಬೆನ್ನು ತಿರುಗಿಸಿ ಕುಳಿತು, ಯಾವುದು ಇಷ್ಟವಾಯಿತೋ ಅದನ್ನು ಆರಿಸಿ.

ಇನ್ನು ಆ "ಒರಿಜಿನಲ್ ರೋಸ್‌ವುಡ್" ಸಂದೇಶ ಪುನಃ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇಷ್ಟೇ ಕೇಳಿ: "ತೂತಿನ ಅಂಚಿನ ಫೋಟೊ, ಒಳಗಿನಿಂದ ಬೆನ್ನಿನ ಫೋಟೊ ಕಳಿಸ್ತೀರಾ?"